ಲಿವರಿನೊಳಗೆ ಕಟ್ಟಿದ ಕಲೆ

ನನ್ನ ಗಂಡ ಕುಡಿಯುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಿವರಿನ ಕಾಯಿಲೆ ಎಂದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದು ಪ್ರಶ್ನೆ ಮೂಡುತ್ತದೆ, ಅದಕ್ಕೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಊರಿನಿಂದ ಫೋನ್ ಮಾಡಿದ ನಾದಿನಿ, "ಅಣ್ಣ ಮೊದ್ಲಿಂದ ತಗೊಳ್ತಿದ್ರಾ ಅತ್ತಿಗೆ? ನಮ್ಗೆ ಗೊತ್ತೇ ಇರ್ಲಿಲ್ಲ" ಎಂದು ಮೆಲ್ಲಗೆ ಕೇಳಿದಳು. ಒಡಹುಟ್ಟಿದವಳೇ ಹೀಗೆ ಕೇಳಿದರೆ ಬಿಲ್ಡಿಂಗಿನವರ ಬಾಯಿ ಮುಚ್ಚಿಸುವುದು ಹೇಗೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಕಣ್ಣು ಹಳದಿಯಾದದ್ದು ನಮ್ಮವರದು, ಹಳದಿ ಕಂಡದ್ದು ಉಳಿದವರಿಗೆ. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ. ಇವರು ಕುಡಿದದ್ದು ಚಹಾ, ಅದೂ ಸಕ್ಕರೆ ಜಾಸ್ತಿ ಹಾಕಿ.

ಮದುವೆಯಾಗಿ ನಾನು ದಹಿಸರಿಗೆ ಬಂದಾಗ ಇವರು ಬಾಂದ್ರಾದ ಒಂದು ಹೊಟೇಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೇಷ್ಟ್ರಮ್ಮ. ಕೆಲವು ವರ್ಷಗಳಾದ ಮೇಲೆ ಇವರು ಊರಿನವರೊಬ್ಬರ ಜೊತೆ ಸೇರಿ ಕುರ್ಲಾ ಸ್ಟೇಷನ್ನಿನ ಹತ್ತಿರ ಒಂದು ಪುಟ್ಟ ಹೊಟೇಲು ನಡೆಸತೊಡಗಿದರು. ಕತ್ತಲಿರುವಾಗಲೇ ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಇನ್ನೊಂದು ಲೋಕಲ್ ಹಿಡಿಯಬೇಕು. ನಾನು ಏಳುವಾಗ ಇವರ ಹಾಸಿಗೆ ಮಡಿಚಿಟ್ಟಾಗಿರುತ್ತಿತ್ತು.

ಊರಿಗೆಲ್ಲ ಊಟ ಹಾಕುವವರಿಗೆ ತಮ್ಮ ಊಟದ ಹೊತ್ತು ಎಂಬುದಿರುವುದಿಲ್ಲ. ಬೆಳಗ್ಗೆ ಬರೀ ಚಹಾ. ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ನಿಂತುಕೊಂಡೇ, ಉಳಿದ ಪೂರಿ, ಉಳಿದ ಶಿರಾ, ತಳದ ಬಟಾಟೆ ಭಾಜಿ. ಅನ್ನ ಚೆಲ್ಲಬಾರದು ಎಂಬುದು ಇವರ ಧರ್ಮ. ಹಾಗಾಗಿ ಹೊಟೇಲಿನಲ್ಲಿ ಉಳಿದದ್ದೆಲ್ಲ ಇವರ ಹೊಟ್ಟೆಗೆ ಹೋಯಿತು. ನಲವತ್ತು ದಾಟುವಷ್ಟರಲ್ಲಿ ಆ ಹೊಟ್ಟೆ ಅಂಗಿಯ ಗುಂಡಿಗೆ ಸವಾಲು ಹಾಕುತ್ತಿತ್ತು. "ಸೇಟ್ ಆಗುವ ಮೊದ್ಲೇ ಸೇಟಿನ ಹೊಟ್ಟೆ ಬಂತಲ್ಲ" ಎಂದು ನಾನು ಚುಡಾಯಿಸಿದರೆ, "ಹೊಟೇಲಿನವ ಒಣಗಿದ್ರೆ ಗಿರಾಕಿ ಒಳಗೆ ಬರ್ತಾರಾ ಮಾರಾಯ್ತಿ? ಇದು ನಮ್ಮ ಬೋರ್ಡು" ಎಂದು ತಟ್ಟಿಕೊಂಡು ನಗುತ್ತಿದ್ದರು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಅದಕ್ಕೂ ನಕ್ಕರು. ಹೊಟೇಲಿನವರಲ್ಲಿ ಅದು ಯಾರಿಗಿಲ್ಲ ಎಂದರು.

ಈಗ ಇವರ ಕೈಗಳ ಬಗ್ಗೆ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಮೊಣಕೈವರೆಗೆ ಅಲ್ಲಲ್ಲಿ ಸುಟ್ಟ ಕಲೆಗಳು. ಕಾವಲಿಯ ಅಂಚು ತಾಗಿದ್ದು, ಸಾಂಬಾರಿನ ಹಂಡೆ ಇಳಿಸುವಾಗ ಹಬೆ ಬಡಿದದ್ದು, ಬಾಣಲೆಯ ಎಣ್ಣೆ ಸಿಡಿದದ್ದು. ಅವರು ಕಲಿತ ಅಡುಗೆಮನೆಯಲ್ಲಿ ಒಂದು ಪದ್ಧತಿ ಇತ್ತು. ಕೈ ಸುಟ್ಟುಕೊಂಡವನಿಗೆ ಮೊದಲು ತಣ್ಣನೆಯ ದೋಸೆ ಹಿಟ್ಟು ಮೆತ್ತುವುದು. ಆಮೇಲೆ ಅವನನ್ನು ಒಲೆಯ ಹತ್ತಿರ ಬಿಡುವುದಿಲ್ಲ, ತರಕಾರಿ ಹೆಚ್ಚಲು ಇಲ್ಲವೇ ರುಬ್ಬಲು ಕೂರಿಸುವುದು. ಬೆಳಗ್ಗೆ ಒಲೆ ಹಚ್ಚುವ ಮೊದಲು ಅಡುಗೆಯವರಲ್ಲಿ ಹಿರಿಯರಾದ ದೊಡ್ಡ ಭಟ್ಟರು ಅವನ ಕೈ ಹಿಡಿದು ನೋಡುತ್ತಿದ್ದರು. ಗಾಯ ಹಸಿಯಾಗಿದ್ದರೆ ತಲೆ ಅಲ್ಲಾಡಿಸಿ ಕಳುಹಿಸುವರು. ಪೊರೆ ಬಿದ್ದು ಕಲೆ ಕಟ್ಟಿದ್ದರೆ, "ಆಯ್ತು, ಒಲೆಗೆ ನಿಲ್ಲು" ಎನ್ನುವರು. ಮುಂದೆ ಇವರೇ ದೊಡ್ಡವರಾದಾಗ ತಮ್ಮ ಹೊಟೇಲಿನಲ್ಲೂ ಇದನ್ನೇ ನಡೆಸಿದರು. ಕಲೆ ಎಂದರೆ ಗಾಯ ಮುಗಿದದ್ದಕ್ಕೆ ಸಾಕ್ಷಿ. ಇಡೀ ಬದುಕು ಅದನ್ನೇ ನಂಬಿ ಬೆಂಕಿಯ ಮುಂದೆ ನಿಂತವರು ಇವರು.

ಒಂದು ಮಳೆಗಾಲದಲ್ಲಿ ಇವರಿಗೆ ವಿಪರೀತ ಸುಸ್ತು ಶುರುವಾಯಿತು. ಲೋಕಲಿನಲ್ಲಿ ನಿದ್ದೆ ಹೋಗಿ ದಾದರ್ ದಾಟಿ ಹೋಗುತ್ತಿದ್ದರು. ಸಕ್ಕರೆ ಡಾಕ್ಟರು ಸೋನೋಗ್ರಫಿ ಮಾಡಿಸಿದರು, ಅದನ್ನು ನೋಡಿ ಲಿವರಿನ ದೊಡ್ಡ ಡಾಕ್ಟರ ಹತ್ತಿರ ಕಳುಹಿಸಿದರು. ನನಗೆ ಶಾಲೆಯಲ್ಲಿ ಪರೀಕ್ಷೆ. ಇವರು ಒಬ್ಬರೇ ಹೋದರು. ಸಂಜೆ ಮನೆಗೆ ಬಂದವರು ಕೈಕಾಲು ತೊಳೆದು, ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಬಹಳ ದಿನಗಳ ನಂತರ ಹಗುರವಾಗಿ ಮಾತಾಡಿದರು.

"ಲಿವರಿನಲ್ಲಿ ಕೊಬ್ಬು ತುಂಬಿ ಗಾಯ ಆಗಿತ್ತಂತೆ. ಈಗ ಕಲೆ ಕಟ್ಟಿದೆಯಂತೆ."

"ಮತ್ತೆ?" ಎಂದೆ.

"ಮತ್ತೆ ಎಂತದು? ಕಲೆ ಕಟ್ಟಿತು ಅಂದ್ರೆ ಮುಗೀತಲ್ಲ. ಒಳಗೊಳಗೇ ವಾಸಿ ಆಗಿದೆ, ನಮ್ಗೆ ಗೊತ್ತೇ ಆಗ್ಲಿಲ್ಲ ನೋಡು."

"ಮದ್ದು ಕೊಡ್ಲಿಲ್ವಾ?"

"ತೂಕ ಇಳ್ಸಿ ಅಂದ್ರು. ಆರು ತಿಂಗಳಿಗೊಂದ್ಸಲ ಬಂದು ಸೋನೋಗ್ರಫಿ ಮಾಡ್ಸಿ ಅಂದ್ರು. ಅವ್ರಿಗೆ ಅದೇ ಕೆಲಸ. ಒಣಗಿದ ಗಾಯವನ್ನು ಆರಾರು ತಿಂಗಳಿಗೆ ಯಾರು ತೆಗ್ದು ನೋಡ್ತಾರೆ?"

ಡಾಕ್ಟರು ಹೇಳಿದ್ದರಲ್ಲಿ ಒಂದು ಶಬ್ದವನ್ನೂ ಇವರು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ಗಾಯ, ಕಲೆ, ಆರು ತಿಂಗಳು, ಎಲ್ಲವೂ ಸರಿಯಾಗಿಯೇ ಕಿವಿಗೆ ಬಿದ್ದಿತ್ತು. ಅಡುಗೆಮನೆಯ ಲೆಕ್ಕದಲ್ಲಿ ಅದು ಸಂತೋಷದ ಸುದ್ದಿ, ಅಷ್ಟೇ. ನಾನೂ ನಂಬಿದೆ. ಮೊಣಕಾಲು ತರಚಿಕೊಂಡು ಬಂದ ಮಕ್ಕಳಿಗೆ ನಾನು ಹೇಳುವುದೂ ಅದನ್ನೇ ಅಲ್ಲವೇ? ಅಂದು ರಾತ್ರಿ ಊಟಕ್ಕೆ ಪಾಯಸ ಮಾಡು ಎಂದರು. ಸಕ್ಕರೆ ಕಾಯಿಲೆಯವರಿಗೆ ಪಾಯಸ ಎಲ್ಲಿಂದ ಎಂದು ನಾನು ಬೈದೆ. ಕೊನೆಗೆ ಸ್ವಲ್ಪ ಮಾಡಿದೆ.

ಮರುದಿನ ಕತ್ತಲಲ್ಲೇ ಎದ್ದು ಕುರ್ಲಾಕ್ಕೆ ಹೋದರು. ಒಲೆಗೆ ನಿಂತರು.

ಆಮೇಲೆ ಎರಡು ವರ್ಷ ಚೆನ್ನಾಗಿಯೇ ಇದ್ದರು, ಅಥವಾ ಹಾಗೆ ಕಂಡರು. ಸುಸ್ತಿದ್ದರೂ ವಯಸ್ಸು ಎಂದುಕೊಂಡರು. ನಮ್ಮ ಒಬ್ಬಳೇ ಮಗಳು ಕಾಲೇಜು ಮುಗಿಸಿ ಅಂಧೇರಿಯಲ್ಲಿ ಕೆಲಸಕ್ಕೆ ಸೇರಿದಳು. ಒಮ್ಮೆ ಅವಳೇ, "ಪಪ್ಪಾ, ವೋ ಲಿವರ್‌ವಾಲಾ ಚೆಕಪ್ ಕಾ ಕ್ಯಾ ಹುವಾ? ಹೋಗಿಲ್ವಾ ನೀವು?" ಎಂದು ಕೇಳಿದ್ದಳು. "ಅದು ಮುಗ್ದ ಕಥೆ ಮಗಾ" ಎಂದರು ಇವರು. ಇಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ಕುಂಟುತ್ತದೆ, ಜಗಳಕ್ಕೆ ಬೇಕಾದಷ್ಟು ಸಿಗುವುದಿಲ್ಲ.

ಮೂರನೆಯ ಮಳೆಗಾಲದ ಹೊತ್ತಿಗೆ ಇವರ ತೋಳು ಸಣ್ಣಗಾಗಿ ಹೊಟ್ಟೆ ಮಾತ್ರ ದೊಡ್ಡದಾಯಿತು. ಈ ಹೊಟ್ಟೆ ಮೊದಲಿನದಲ್ಲ. ಮುಟ್ಟಿದರೆ ಬಿಗಿ, ಪಕ್ಕಕ್ಕೆ ಹೊರಳಿದರೆ ಒಳಗೆ ನೀರು ಸರಿದಂತಾಗುತ್ತದೆ ಎನ್ನುತ್ತಿದ್ದರು. ಕಣ್ಣು ಹಳದಿಗಟ್ಟಿತು. ನಾನು ರಜೆ ಹಾಕಿದೆ, ಮಗಳು ರಜೆ ಹಾಕಿದಳು, ಮೂವರೂ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಲಿವರಿನ ಬಲಭಾಗದಲ್ಲಿ ದೊಡ್ಡ ಗೆಡ್ಡೆ, ಕ್ಯಾನ್ಸರ್ ಎಂದರು.

ಈ ಸಲ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು, ನಮ್ಮ ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು. ಹೊರಗೆ ಜನ ಕಾಯುತ್ತಿದ್ದರೂ ನಮಗೆ ಅವಸರ ತೋರಿಸಲಿಲ್ಲ. ಇವರು ಅವಳನ್ನು ಕೇಳಿದ್ದು ಒಂದೇ. ಗಾಯ ಒಣಗಿ ಕಲೆ ಕಟ್ಟಿದ್ದ ಜಾಗದಲ್ಲಿ ಇದು ಹೇಗೆ ಬಂತು? ಆಕೆ ಪೆನ್ನು ಕೆಳಗಿಟ್ಟು ಹಿಂದಿಯಲ್ಲಿ ನಿಧಾನವಾಗಿ ಹೇಳತೊಡಗಿದಳು. ನಾನು ಅದನ್ನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿಕೊಂಡೆನೆಂದರೆ ಈಗ ಪಾಠದ ಹಾಗೆ ಬಾಯಿಗೆ ಬರುತ್ತದೆ.

ಲಿವರಿನೊಳಗೆ, ರಕ್ತ ಹರಿಯುವ ಸಣ್ಣ ದಾರಿಗಳ ಪಕ್ಕದ ಇಕ್ಕಟ್ಟಿನಲ್ಲಿ, ನಕ್ಷತ್ರದ ಆಕಾರದ ಕೆಲವು ಕೋಶಗಳಿರುತ್ತವೆ. ಎಲ್ಲ ಚೆನ್ನಾಗಿದ್ದಾಗ ಅವು ಎ ವಿಟಮಿನ್ ತುಂಬಿಕೊಂಡು ಸುಮ್ಮನೆ ಕೂತಿರುತ್ತವೆ, ಅಕ್ಕಪಕ್ಕದ ಕೋಶಗಳನ್ನು ಕಾಪಾಡುತ್ತವೆ. ಲಿವರಿಗೆ ಪೆಟ್ಟು ಬಿದ್ದರೆ ಎದ್ದು ನಾರು ಹೆಣೆದು ಗಾಯ ಮುಚ್ಚುತ್ತವೆ. ಆ ನಾರೇ ಕಲೆ. ಪೆಟ್ಟು ನಿಂತರೆ ಅವೂ ತಣ್ಣಗಾಗಬಹುದು. ಇವರ ಲಿವರಿಗೆ ಪೆಟ್ಟು ನಿಲ್ಲಲಿಲ್ಲ. ಕೊಬ್ಬು, ಸಕ್ಕರೆ, ದಿನವೂ ಅಷ್ಟಷ್ಟು. ಹಾಗಾಗಿ ಕೋಶಗಳು ಕೆಲಸ ಬಿಡಲಿಲ್ಲ. ನಾರಿನ ಮೇಲೆ ನಾರು ಬಿದ್ದು ಲಿವರು ಗಟ್ಟಿಯಾಯಿತು. ಗಟ್ಟಿಯಾದ ನೆಲದಲ್ಲಿ ಕ್ಯಾನ್ಸರು ಸುಲಭವಾಗಿ ಹಿಡಿಯುತ್ತದೆ. ಅಷ್ಟೇ ಅಲ್ಲ, ಕಲೆ ಕಟ್ಟುವ ಅದೇ ಕೋಶಗಳು ಗೆಡ್ಡೆಗೆ ಬೆಳೆ ಬೆಳೆ ಎಂದು ಸೂಚನೆ ಕೊಡುತ್ತವೆ, ಅದಕ್ಕೆ ಹೊಸ ರಕ್ತನಾಳ ಮೂಡಲು ನೆರವಾಗುತ್ತವೆ, ಅದನ್ನು ಕೊಲ್ಲಲು ಬರುವ ಮೈಯ ಕಾವಲುಗಾರರನ್ನು ತಡೆಯುತ್ತವೆ. ಇದರಲ್ಲಿ ಇನ್ನೂ ತಿಳಿಯದ್ದು ಬಹಳ ಇದೆ ಎಂದೂ ಆಕೆ ಹೇಳಿದಳು.

ಬೇಲಿಯೇ ಎದ್ದು ಹೊಲ ಮೇಯಿತು ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ. ಅದು ನನ್ನ ಗಂಡನ ಪಕ್ಕೆಲುಬಿನ ಕೆಳಗೆ ನಡೆದಿತ್ತು. ನನಗೆ ಆ ಕೋಶಗಳ ಮೇಲೆ ಸಿಟ್ಟು ಬಂತು. ಕಣ್ಣಿಗೆ ಕಾಣದವುಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹುಚ್ಚು ಎಂದು ಗೊತ್ತು. ವೈರಿಯಾದರೂ ಆಗಿದ್ದರೆ ಶಪಿಸಬಹುದಿತ್ತು. ವಾಸಿ ಮಾಡಲು ಎದ್ದವರನ್ನು ಏನೆಂದು ಶಪಿಸಲಿ?

ಹಿಂದಿಯಲ್ಲಿ ಇವರಿಗೆ ಎಲ್ಲ ತಿಳಿಯುತ್ತದೆ, ಆದರೂ ಮಗಳ ಕಡೆ ತಿರುಗಿದರು. ಅವಳು ತನಗೆ ಬರುವ ಭಾಷೆಯಲ್ಲಿ ಹೇಳಿದಳು. "ಪಪ್ಪಾ, ಅದು ಕಲೆನೇ. ಪರ್ ಅದು ಬಂದ್ ಆಗಿರ್ಲಿಲ್ಲ. ಅಂದರ್ ಕೆಲ್ಸ ಚಾಲೂನೇ ಇತ್ತು. ಉಸೀ ಮೇ ಕ್ಯಾನ್ಸರ್ ಬೆಳೀತು."

ಇವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡುತ್ತ ಕುಳಿತರು.

"ಕಲೆ ಕಟ್ಟಿದ ಮೇಲೂ ಗಾಯ ಉಂಟಾ?" ಎಂದು ಕೇಳಿದರು. ನಾನು ಹೌದು ಎಂದೆ.

ಆಮೇಲೆ ಮಗಳು ಕುರ್ಚಿಯಿಂದ ಮುಂದೆ ಬಾಗಿ ಡಾಕ್ಟರಿಗೆ, "ಮೇರಾ ಲೇ ಲೀಜಿಯೇ" ಎಂದಳು, ನನ್ನದನ್ನು ತೆಗೆದುಕೊಳ್ಳಿ ಎಂದು. ಲಿವರಿನ ಒಂದು ತುಂಡು ಕೊಟ್ಟರೆ ಕೊಟ್ಟವರಲ್ಲಿ ಮತ್ತೆ ಬೆಳೆಯುತ್ತದೆ, ರಕ್ತದ ಗುಂಪು ಒಂದೇ, ಎಲ್ಲವನ್ನೂ ಅವಳು ಮೊದಲೇ ಓದಿಕೊಂಡು ಬಂದಿದ್ದಳು. ನಮಗೆ ಒಂದು ಮಾತೂ ಹೇಳಿರಲಿಲ್ಲ. ಆ ಒಂದು ಗಳಿಗೆ ನನ್ನೊಳಗೆ ಆಸೆ ಹುಟ್ಟಿತು. ಮಗಳನ್ನು ಕೊಯ್ದಾದರೂ ಗಂಡನನ್ನು ಉಳಿಸಿಕೊಳ್ಳುವ ಆಸೆ. ತಾಯಿಯಾಗಿ ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಡಾಕ್ಟರು ತಲೆ ಅಲ್ಲಾಡಿಸಿದಳು. ಗೆಡ್ಡೆ ಲಿವರಿಗೆ ಬರುವ ದೊಡ್ಡ ರಕ್ತನಾಳದೊಳಕ್ಕೆ ನುಗ್ಗಿದೆ, ಇನ್ನು ಹೊಸ ಲಿವರು ಹಾಕಿದರೆ ಅದರಲ್ಲೂ ಬರುತ್ತದೆ, ಹಾಕುವಂತಿಲ್ಲ. ಕ್ಯಾನ್ಸರಿನ ಔಷಧ ತಡೆದುಕೊಳ್ಳುವ ಶಕ್ತಿಯೂ ಉಳಿದ ಲಿವರಿಗಿಲ್ಲ.

"ಪಹಲೇ ಆತೇ ತೋ?" ಮೊದಲೇ ಬಂದಿದ್ದರೆ ಎಂದು ಮಗಳು ಕೇಳಿದಳು.

ಆಕೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಗೆಡ್ಡೆ ಚಿಕ್ಕದಿರುವಾಗ ಕಂಡಿದ್ದರೆ ಸುಟ್ಟು ತೆಗೆಯಬಹುದಿತ್ತು, ಇಲ್ಲವೇ ಮಗಳದ್ದನ್ನು ಹಾಕಬಹುದಿತ್ತು ಎಂದಳು. ಆರು ತಿಂಗಳಿಗೊಮ್ಮೆ ಬರಹೇಳುವುದು ಅದಕ್ಕೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಟೇಲಿನವರ ಮನೆಯಲ್ಲಿ ಈ ಗಾದೆಗೆ ನಾವು ನಗುತ್ತಿದ್ದೆವು.

ಹೊರಗೆ ಲಿಫ್ಟಿನ ಹತ್ತಿರ ಇವರು ನಿಟ್ಟುಸಿರುಬಿಟ್ಟು, "ಒಳ್ಳೇದೇ ಆಯ್ತು. ಮಗಳ ಹೊಟ್ಟೆ ಕೊಯ್ಯೋದು ತಪ್ಪಿತಲ್ಲ" ಎಂದರು. ನನಗೆ ತಡೆಯಲಾಗಲಿಲ್ಲ. ಎಲ್ಲರೆದುರು ಗಟ್ಟಿಯಾಗಿ ಬೈದೆ. "ಎಂತ ಒಳ್ಳೇದು? ಸಾಯ್ಲಿಕ್ಕೆ ಹೊರಟವರಿಗೆ ಎಂತ ಒಳ್ಳೇದು? ನಮ್ಮಿಬ್ಬರನ್ನು ಯಾರ ಕೈಗೆ ಕೊಟ್ಟು ಹೋಗ್ತೀರಿ?" ಜನ ತಿರುಗಿ ನೋಡಿದರು. ಮಗಳು ನನ್ನ ತೋಳು ಹಿಡಿದು, "ಅಮ್ಮ, ಪ್ಲೀಸ್" ಎಂದಳು. ಇವರು ತಪ್ಪು ಮಾಡಿದ ಹುಡುಗನ ಹಾಗೆ ನೆಲ ನೋಡುತ್ತ ನಿಂತರು. ಲಿಫ್ಟು ಬಂತು, ಹತ್ತಿದೆವು.

ಈಗ ಇವರು ಮನೆಯಲ್ಲೇ ಇದ್ದಾರೆ. ಹೊಟ್ಟೆಯ ನೀರು ತೆಗೆಸಲು ಆಗಾಗ ಆಸ್ಪತ್ರೆಗೆ ಹೋಗುತ್ತೇವೆ, ತೆಗೆದ ನೀರು ಮತ್ತೆ ತುಂಬುತ್ತದೆ. ಜೀವಮಾನವಿಡೀ ಉಪ್ಪು ಸರಿನೋಡಿದ ನಾಲಿಗೆಗೆ ಉಪ್ಪಿಲ್ಲದ ಗಂಜಿ. ಮೊದಮೊದಲು ಮುಖ ಸಿಂಡರಿಸುತ್ತಿದ್ದರು. ಈಗ ಅದೂ ಇಲ್ಲ, ಕೊಟ್ಟದ್ದನ್ನು ನುಂಗುತ್ತಾರೆ. ಅವರು ಮುಖ ಸಿಂಡರಿಸಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ.

ಹೊಟೇಲಿನ ಪಾಲುದಾರರು ಒಮ್ಮೆ ಬಂದಿದ್ದರು. ಒಳ್ಳೆಯ ಮನುಷ್ಯ. ಕುಳಿತು ಊರಿನ ಸುದ್ದಿ, ತೆಂಗಿನಕಾಯಿಯ ರೇಟು ಎಲ್ಲ ಮಾತಾಡಿದರು. ಹೋಗುವಾಗ ಬಾಗಿಲಲ್ಲಿ ನನ್ನನ್ನು ಕರೆದು, "ಅತ್ತಿಗೆ, ಇವ್ರು ಯಾವತ್ತೂ ಒಂದು ಹನಿ ಮುಟ್ಟಿದ್ದು ನಾನು ನೋಡಿಲ್ಲ. ಎಲ್ಲರಿಗೂ ಹೇಳ್ತಾ ಇದ್ದೇನೆ" ಎಂದರು. ಅವರಿಗೆ ಕೈಮುಗಿದೆ. ಒಳಗೆ ಬಂದು ಅತ್ತುಬಿಟ್ಟೆ. ಗಂಡನ ಜೀವ ಹೋಗುತ್ತಿರುವಾಗ ಮಾನ ಉಳಿದದ್ದಕ್ಕೆ ಸಂತೋಷಪಡಬೇಕಾದ ಹೆಂಗಸಿನ ಪಾಡು ಯಾರಿಗೂ ಬೇಡ.

ಶಾಲೆಗೆ ಹೋಗುವುದು ಬಿಟ್ಟಿಲ್ಲ. ಅಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ವಿಜ್ಞಾನವನ್ನೂ ನಾನೇ ಮಾಡಬೇಕು. ಕಳೆದ ವಾರ ಜೀರ್ಣಾಂಗಗಳ ಪಾಠ ಬಂತು. ಯಕೃತ್ತು ನಮ್ಮ ದೇಹದ ಅತಿ ದೊಡ್ಡ ಗ್ರಂಥಿ, ಅದು ಪಿತ್ತರಸವನ್ನು ಉತ್ಪಾದಿಸುತ್ತದೆ. ಇಷ್ಟು ವರ್ಷ ಈ ವಾಕ್ಯವನ್ನು ಓದಿಸಿದ್ದೇನೆ. ಮುಂದಿನ ಬೆಂಚಿನ ಹುಡುಗಿ ಎದ್ದು, ಅದು ಕೆಟ್ಟರೆ ಏನಾಗುತ್ತದೆ ಟೀಚರ್ ಎಂದು ಕೇಳಿದಳು. ಅವಳ ಅಪ್ಪ ಕಲಬುರಗಿ ಕಡೆಯವರು, ಕಟ್ಟಡದ ಕೆಲಸ, ಸಂಜೆ ಕುಡಿಯುತ್ತಾರೆ ಎಂದು ನನಗೆ ಗೊತ್ತು. "ಕೆಟ್ರ ಸತ್ತೋಗ್ತಾರೇನ್ರಿ?" ಎಂದು ಅವಳೇ ಮುಂದುವರಿಸಿದಳು. ನಾನು ಬೋರ್ಡಿನ ಕಡೆ ತಿರುಗಿ ಚಿತ್ರ ಬರೆಯತೊಡಗಿದೆ. ಬಲಗಡೆ ಯಕೃತ್ತು, ಅದರ ಪಕ್ಕದಲ್ಲಿ ಜಠರ. ಗಂಟೆ ಹೊಡೆಯುವವರೆಗೂ ಬರೆದೆ.

ಲಿವರು ರಕ್ತವನ್ನು ಶುದ್ಧ ಮಾಡದಿದ್ದರೆ ವಿಷ ತಲೆಗೆ ಹೋಗುತ್ತದೆ, ನೆನಪು ಅತ್ತಿತ್ತ ಆಗುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದ್ದಳು. ಅದಕ್ಕೆಂದು ಸಿಹಿಯಾದ ಒಂದು ಸಿರಪ್ಪು ಕೊಟ್ಟಿದ್ದಾಳೆ. ಕುಡಿಸುತ್ತೇನೆ. ಕೆಲವು ದಿನ ಸರಿಯಾಗಿ ಮಾತಾಡುತ್ತಾರೆ, ಮಗಳ ಆಫೀಸಿನ ಬಗ್ಗೆ ಕೇಳುತ್ತಾರೆ. ಕೆಲವು ದಿನ ದಿನವಿಡೀ ನಿದ್ದೆ. ಎಚ್ಚರವಾದಾಗ ಕೈ ಮುಂದೆ ಚಾಚಿದರೆ ಅದು ಗಾಳಿಯಲ್ಲಿ ತನ್ನಷ್ಟಕ್ಕೆ ಅಲುಗುತ್ತದೆ. ಆ ಕಲೆ ಕಟ್ಟುವ ಕೋಶಗಳನ್ನು ಮತ್ತೆ ಮಲಗಿಸುವ ಮದ್ದು ಏನಾದರೂ ಇದೆಯೇ ಎಂದು ನಾನು ಆಕೆಯನ್ನು ಕೇಳಿದ್ದೆ. ಹುಡುಕುತ್ತಿದ್ದಾರೆ ಎಂದಳು. ಯಾರು ಹುಡುಕುತ್ತಿದ್ದಾರೋ, ಎಲ್ಲಿ ಹುಡುಕುತ್ತಿದ್ದಾರೋ. ಅವರಿಗೆ ಒಳ್ಳೆಯದಾಗಲಿ. ನಮಗೆ ಅದು ಬರುವುದಿಲ್ಲ.

ನಿನ್ನೆ ಮಧ್ಯಾಹ್ನ ಶಾಲೆಯಿಂದ ಬಂದು ಬಾಗಿಲು ತೆಗೆದಾಗ ಇವರು ಹಾಸಿಗೆಯಲ್ಲಿ ಎದ್ದು ಕುಳಿತಿದ್ದರು. ಹಗಲು ಇವರನ್ನು ನೋಡಿಕೊಳ್ಳಲು ಇಟ್ಟ ಹೆಂಗಸು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇವರು ಬಹಳ ದಿನಗಳ ನಂತರ ಬೆನ್ನು ನೆಟ್ಟಗೆ ಮಾಡಿದ್ದರು. ನನ್ನನ್ನು ನೋಡಿ ಮುಖದಲ್ಲಿ ನಗು ತಂದರು, ನನಗೆ ಜೀವ ಬಂದಂತಾಯಿತು. ಚೀಲ ಕೆಳಗಿಟ್ಟು ಹತ್ತಿರ ಹೋದೆ. "ಆಯಿಯೇ ಮೇಡಂ, ಕಿತ್ನೇ ಲೋಗ್ ಹೈ?" ಎಂದರು.

ಊಟದ ಗದ್ದಲದ ಹೊತ್ತಿಗೆ ಹೊಟೇಲಿನ ಬಾಗಿಲಲ್ಲಿ ನಿಂತು ಕೇಳುವ ಮಾತು ಅದು. ಎಷ್ಟು ಜನ ಎಂದು ತಿಳಿದುಕೊಂಡು ಮೇಜು ತೋರಿಸುವುದು. ನಾನು ಹೆಂಡತಿ ಎಂದು ಹೇಳಬೇಕಿತ್ತು, ಹೆಗಲು ಹಿಡಿದು ಅಲುಗಿಸಬೇಕಿತ್ತು. ಆಗಲಿಲ್ಲ. ಅಷ್ಟು ಮರ್ಯಾದೆಯಿಂದ, ಅಷ್ಟು ಅಪರಿಚಿತರಾಗಿ ನೋಡುತ್ತಿದ್ದರು.

"ದೋ" ಎಂದೆ.

ಇವರು ತಲೆಯಾಡಿಸಿದರು. ಆಮೇಲೆ ಕತ್ತು ಸ್ವಲ್ಪ ಬಾಗಿಸಿ, ನನ್ನನ್ನು ದಾಟಿ, ಬಾಗಿಲ ಕಡೆ ನೋಡಿದರು. ಇನ್ನೊಬ್ಬರು ಬರಲಿ ಎಂದು ಕಾಯುತ್ತ ಕುಳಿತರು.